ಆರೂ ಕಾಲಿನ ಬಸ್ಸಿನ ಆಯೇರಿ

ನವೆಂಬರ್ ೧೨, ಬುಧವಾರ

ಹಾವೇರಿ ಜಿಲ್ಲೆಗೆ ಮೈಕು ತಂದವನು ನಾನು. ನನಗಿಂತ ಮುಂಚೆ ಈ ಕಡೆಯ ಜನ ಬರಿ ಬಾಯಿಂದ ಮಾತಾಡುತ್ತಿದ್ದರು, ಪಾಪ. ಮಾಸೂರಿನ ನಾಟಕದಲ್ಲಿ ಒಮ್ಮೆ ಕೂಗಿದಾಗ ಮದಗದ ಕೆರೆಯ ಆಚೆ ದಂಡೆಯ ಎಮ್ಮೆಗಳು ಎದ್ದು ನಿಂತವು. ನೋಡಿದವರು ಇದ್ದಾರೆ.

ಬೆಳಿಗ್ಗೆ ಮೈಕಿನ ಎರಡೂ ಹಾರ್ನ್ ಒರೆಸಿಟ್ಟೆ. ಆಂಪ್ಲಿಫೈಯರು ಮತ್ತೆ ಗೊರಗೊರ. ಹೊಸದಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. ಎಲ್ಲಿ ಅಂತ ಇಲ್ಲೂ ಬರೆಯುವುದಿಲ್ಲ. ಹೆಂಡತಿ ಸಾವಂತ್ರಿಗೆ ಓದು ಬರುತ್ತದೆ.

ಒರೆಸುತ್ತಿರುವಾಗಲೇ ಅಕ್ಕ ಭರಮವ್ವನ ಮಗಳು ಸಂಘಮಿತ್ರಾ ಬಂದಳು. ಶಿಗ್ಗಾಂವಿಯಲ್ಲಿ ಬಿ.ಎ. ಕೊನೆಯ ವರ್ಷ. ಇಪ್ಪತ್ತಾರಕ್ಕೆ ಸಂವಿಧಾನ ದಿನ. ಕಾಲೇಜು ಮೈದಾನದಲ್ಲಿ ಕಲಾ ಸಂಜೆ ಮಾಡುತ್ತಾರಂತೆ — ಹಾಡು, ಚಿತ್ರ, ಬೀದಿನಾಟಕ.

“ಮಾಮಾ, ನಿನ್ನ ಮೈಕ್ ಬೇಕು.”

“ಬಾಡಿಗಿ?”

“ಬ್ಯಾನರಿನ್ಯಾಗ ನಿನ್ನ ಹೆಸರ ಹಾಕ್ತೀವಿ.”

“ಎಷ್ಟ ದೊಡ್ಡದು?”

“ಪ್ರಿನ್ಸಿಪಾಲರ ಹೆಸರಿನಷ್ಟ.”

ಒಪ್ಪಿದೆ. ಹುಡುಗಿ ವ್ಯವಹಾರ ಬಲ್ಲಳು. ನನ್ನ ರಕ್ತ.

ನವೆಂಬರ್ ೧೮, ಮಂಗಳವಾರ

ತಾಲೀಮು ನೋಡಲು ಹೋಗಿದ್ದೆ. ನಾಟಕ ಬಸ್ಸಿನದು. ನಮ್ಮೂರಿಗೆ ಕೊನೆಯ ಬಸ್ಸು ಮೂರೂವರೆಗೆ. ಕಾಲೇಜು ಬಿಡುವುದು ಐದಕ್ಕೆ. ಆಮೇಲೆ ಸಿಕ್ಕ ಗಾಡಿ ಹತ್ತಿ ದುಂಡಸಿಯಲ್ಲಿ ಇಳಿದು, ಅಲ್ಲಿಂದ ಮೂರು ಕಿಲೋಮೀಟರು ನಡೆಯಬೇಕು. ನಮ್ಮೂರಿನ ಐದು ಹುಡುಗಿಯರು ದಿನಾ ನಡೆಯುತ್ತಾರೆ. ಸಂಜೆ ಆರೂ ಕಾಲಿಗೆ ಒಂದು ಬಸ್ಸು ಬಿಡಿ — ಇಷ್ಟೇ ಅವರ ನಾಟಕ. ಕುರ್ಚಿಗಳೇ ಬಸ್ಸು. ಪೀಪಿ ಊದುವ ಕಂಡಕ್ಟರ್ ಒಬ್ಬ.

ಒಂದು ಹಾಸ್ಯದ ಹಾಡು ಸೇರಿಸಲೇ ಅಂದೆ. ಬ್ಯಾಡ ಅಂದಳು. ಹಾಡಿಗೆ ಮಾತ್ರ ಮೈಕಂತೆ, ಮಾತೆಲ್ಲ ಬರಿ ಬಾಯಿ.

“ಮತ್ತ ಆಯೇರಿ ಕೂಗಬ್ಯಾಡ ಮಾಮಾ. ಇದು ಹಂಗಿನ ಆಟ ಅಲ್ಲ.”

ನನಗೇ ಹೇಳುತ್ತಾಳೆ! ನಾಟಕದ ನಡುವೆ ಮೆಚ್ಚಿದವರು ನೂರೊಂದೋ ಐನೂರೊಂದೋ ಕೊಟ್ಟರೆ, ಆಟ ನಿಲ್ಲಿಸಿ ಅವರ ಹೆಸರು, ಮನೆತನ ಎಲ್ಲ ಕೂಗಿ ಆಯೇರಿ ಒಪ್ಪಿಸುವುದರಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ನನ್ನಂಥವನಿಲ್ಲ. ಗುಟ್ಟು ಏನೆಂದರೆ, ಹೆಸರು ಮೊದಲು ಕೂಗಬೇಕು. ನೋಟು ಆಮೇಲೆ ತಾನಾಗಿ ಬರುತ್ತದೆ. ಅಷ್ಟು ಜನರ ಮುಂದೆ ಎದ್ದು ‘ನಾ ಕೊಡಂಗಿಲ್ಲ’ ಅಂದ ಗಂಡಸು ಇನ್ನೂ ಹುಟ್ಟಿಲ್ಲ.

ನವೆಂಬರ್ ೨೨, ಶನಿವಾರ

ಅಕ್ಕನ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯೆ. ಬಾಯಿಗೆ ರುಚಿ ಹತ್ತುವ ಮುಂಚೆ ಅಕ್ಕ ಶುರು ಮಾಡಿದಳು.

“ತಮ್ಮಾ, ಈ ಸೆಮ್ ಮುಗೀಲಿ. ಇಕಿ ಕಾಲೇಜ ಸಾಕ ಮಾಡ್ತೇನಿ. ಹೊಲಿಗಿ ಕಲೀಲಿ, ಮನ್ಯಾಗ ಇರಲಿ.”

“ಇನ್ನ ಒಂದ ಸೆಮ್ ಉಳದೈತಿ ಅಕ್ಕ.”

“ಮೊನ್ನಿ ಯಾವನೋ ಬೈಕಿನ್ಯಾಗ ಹಿಂದ ಬಂದಾನ. ದಾರಿ ತುಂಬ ಹಾರನ್ ಹೊಡಕೋತ. ನಾಳೆ ಏನರ ಆದ್ರ ನಿನ್ನ ಮೈಕ್ ಬರ್ತೈತೇನು ಕೂಗಾಕ?”

ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಸಂಘಮಿತ್ರಾ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಮುರಿದದ್ದು ತಿನ್ನುತ್ತಿರಲಿಲ್ಲ.

ನವೆಂಬರ್ ೨೪, ಸೋಮವಾರ

ಹೇಳದೆ ದುಂಡಸಿಗೆ ಹೋಗಿ ಹುಡುಗಿಯರ ಹಿಂದೆ ನಡೆದೆ, ಸ್ವಲ್ಪ ದೂರದಲ್ಲಿ. ಹೊತ್ತು ಮುಳುಗಿತ್ತು. ಎರಡೂ ಕಡೆ ಗೋವಿನಜೋಳ ಕಿತ್ತ ಹೊಲ. ಐದೂ ಹುಡುಗಿಯರು ಕೈ ಹಿಡಿದುಕೊಂಡು ನಾಟಕದ ಹಾಡು ಹೇಳುತ್ತ ಹೋಗುತ್ತಿದ್ದರು. ತಾಲೀಮು ಅಂದುಕೊಂಡೆ. ನಾಯಿಯೊಂದು ಬೊಗಳಿದಾಗ ಹಾಡು ಜೋರಾಯಿತು. ಆಗ ತಿಳಿಯಿತು, ತಾಲೀಮಲ್ಲ.

ನನ್ನ ಮೊಣಕಾಲು ಇನ್ನೂ ನೋಯುತ್ತಿದೆ. ಅವರು ದಿನಾ ಹೇಗೆ...

ನವೆಂಬರ್ ೨೬, ಬುಧವಾರ. ಮನೆಗೆ ಬಂದ ಮೇಲೆ

ಬ್ಯಾನರಿನಲ್ಲಿ ನನ್ನ ಹೆಸರು ಪ್ರಿನ್ಸಿಪಾಲರದಕ್ಕಿಂತ ಸಣ್ಣದಾಗಿತ್ತು. ಅಳೆದು ನೋಡಿದೆ. ಇರಲಿ.

ಮೈದಾನ ತುಂಬಿತ್ತು. ಹಗ್ಗಕ್ಕೆ ಚಿತ್ರ ತೂಗುಬಿಟ್ಟಿದ್ದರು. ಮುಂದಿನ ಕುರ್ಚಿಯಲ್ಲಿ ಬಸ್ ಡಿಪೋದ ಸಾಹೇಬರು; ಅತಿಥಿ ಅಂತ ಕರೆದಿದ್ದರು. ನಾಟಕದ ಕೊನೆಗೆ ಸಂಘಮಿತ್ರಾ ಅವರೆದುರೇ ನಿಂತು ಕೇಳಿದಳು — ನಮ್ಮ ಬಸ್ಸು ಯಾವಾಗ? ಕೇಳಿ ಸುಮ್ಮನೆ ನಿಂತಳು. ಅದು ನಾಟಕದ ತಂತ್ರವಂತೆ, ಉತ್ತರ ಬರುವ ತನಕ ನಿಲ್ಲುವುದು. ಸಾಹೇಬರು ಮೊಬೈಲು ನೋಡತೊಡಗಿದರು. ಜನ ಕೆಮ್ಮಿದರು. ಹುಡುಗಿಯ ಕುತ್ತಿಗೆಯ ನರ ಕಾಣುತ್ತಿತ್ತು.

ನನ್ನ ಕೈ ಮೈಕಿಗೆ ಹೋಯಿತು. ನಾನು ಕಳಿಸಲಿಲ್ಲ, ತಾನೇ ಹೋಯಿತು.

“ಕಲಾಭಿಮಾನಿಗಳ! ನಮ್ಮ ಹೆಣ್ಣಮಕ್ಕಳ ಈ ನಾಟಕಾ ಮೆಚ್ಚಿ, ಮಾನ್ಯ ಡಿಪೋ ಸಾಹೇಬರು ಸಂಜೀ ಆರೂ ಕಾಲಿನ ಬಸ್ ಆಯೇರಿ ಮಾಡ್ಯಾರ! ಸಾಹೇಬರಿಗೆ ಒಂದ ಜೋರ ಚಪ್ಪಾಳಿ!”

ಏನು ಚಪ್ಪಾಳೆ! ಸೀಟಿ! ಅರ್ಧ ಮೈದಾನ ಫೋನು ಎತ್ತಿ ವಿಡಿಯೋ ಮಾಡಿತು. ಸಾಹೇಬರು ಎದ್ದರು, ನನ್ನನ್ನು ನೋಡಿದರು, ಜನರನ್ನು ನೋಡಿದರು — ಕೈ ಮುಗಿದರು. ಮುಗಿಯದೆ ಏನು ಮಾಡುತ್ತಾರೆ!

ಬಸ್ಸನ್ನೇ ಆಯೇರಿಯಾಗಿ ಕೂಗಿದವನು ಭಾರತದಲ್ಲಿ ನಾನೊಬ್ಬನೇ.

ನವೆಂಬರ್ ೨೭, ಗುರುವಾರ

ಸಂಘಮಿತ್ರಾ ಮಾತಾಡಿಸುತ್ತಿಲ್ಲ. ನಾನೇ ಹೋದೆ.

“ಬಸ್ ಬರಾಕತ್ತೈತಿ. ನಗು ಸ್ವಲ್ಪ.”

“ನಾವು ನಮ್ಮ ಹಕ್ಕ ಕೇಳಾಕ ನಿಂತಿದ್ವಿ ಮಾಮಾ. ನೀ ಅದನ್ನ ಅವರ ದೊಡ್ಡಸ್ತನ ಮಾಡಿಬಿಟ್ಟಿ. ಚಪ್ಪಾಳಿ ಅವರಿಗೆ, ಕೈ ಮುಗಿಯೋರು ನಾವು.”

“ಬಸ್ ಬಸ್ಸ ಅಲ್ಲೇನ? ಹೆಂಗ ಬಂದ್ರೇನು?”

“ಕೊಟ್ಟವರು ನಾಳೆ ತಿರಗಿ ತಗೋತಾರ.”

ಓದಿದವರ ಮಾತು. ಎದ್ದು ಬಂದೆ.

ಡಿಸೆಂಬರ್ ೨, ಮಂಗಳವಾರ

ಡಿಪೋದಿಂದ ಕರೆ ಬಂದಿತ್ತು. ಹೋದೆ. ಸಾಹೇಬರು ಚಹಾ ಕೊಟ್ಟರು, ಬಿಸ್ಕಿಟ್ ಕೊಡಲಿಲ್ಲ.

“ಗುಡ್ಡಪ್ಪನವರ, ಕೂಗೂದು ಹಗರ ಐತ್ರಿ. ಬಸ್ ಓಡಸೂದು ಹಗರ ಅಲ್ಲ. ನಾಳಿಂದ ಹದಿನೈದ ದಿನ, ಹದಿನೇಳರ ತನಕ, ಟ್ರಯಲ್ ಬಿಡ್ತೇನಿ, ರವಿವಾರ ಬಿಟ್ಟು. ದಿನಾ ಇಪ್ಪತ್ತ ಮಂದಿ ಲೋಡ್ ತೋರಸ್ರಿ. ಇಲ್ಲಂದ್ರ ಬಂದ್.”

“ಇಪ್ಪತ್ತ ಏನ್ರಿ ಸಾಹೇಬ್ರ, ಟಾಪ್ ಮ್ಯಾಲೆ ಕುಂತ ಬರ್ತಾರ ಮಂದಿ.”

“ನೋಡೂಣಂತ್ರಿ.”

ಕೊಟ್ಟವರು ತಿರುಗಿ ತೆಗೆದುಕೊಳ್ಳುತ್ತಾರೆ ಅಂದಿದ್ದಳು. ಅವಳಿಗೆ ಟ್ರಯಲ್ಲಿನ ಮಾತು ಹೇಳಿಲ್ಲ.

ಡಿಸೆಂಬರ್ ೩, ಬುಧವಾರ

ಮೊದಲ ದಿನ. ಇಪ್ಪತ್ತೆರಡು ಮಂದಿ. ನನ್ನ ದನಿಯ ಪ್ರಭಾವ.

...ಹುಡುಗಿಯರು ಐದು, ಬೇರೆ ಏಳು. ಉಳಿದ ಹತ್ತು ನಮ್ಮೂರ ಚಹಾದಂಗಡಿ ಕಟ್ಟೆಯವರು. ಹಾಲೇಶ, ಲಕ್ಷ್ಮಪ್ಪ, ಅವರ ಪಂಗಡ. ಮಧ್ಯಾಹ್ನದ ಬಸ್ಸಿಗೆ ಶಿಗ್ಗಾಂವಿಗೆ ಕರೆದುಕೊಂಡು ಹೋದೆ, ಆರೂ ಕಾಲಿಗೆ ವಾಪಸ್. ಟಿಕೆಟು ನನ್ನದು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಈ ದರಿದ್ರ ಗಂಡಸರಿಗಲ್ಲ. ನಡುವೆ ಮಿರ್ಚಿ ಭಜಿ, ಚಹಾ. ಖರ್ಚು ನೂರು, ನೂರೈವತ್ತು. ಏನೂ ಅಲ್ಲ.

ಡಿಸೆಂಬರ್ ೬, ಶನಿವಾರ

ಬಾಬಾಸಾಹೇಬರ ಪರಿನಿಬ್ಬಾಣ ದಿನ. ಓಣಿಯ ಮನೆಮನೆಯ ಹೊಸ್ತಿಲಲ್ಲಿ ಮೇಣದ ಬತ್ತಿ. ಮೈಕು ಹಚ್ಚಿದೆ, ಸಣ್ಣ ದನಿಯಲ್ಲಿ. ಹುಡುಗಿಯರು ಆರೂ ಕಾಲಿನ ಬಸ್ಸಿಗೇ ಬಂದು ವಂದನೆಗೆ ಸಮಯಕ್ಕೆ ಸೇರಿದರು. ಅಕ್ಕ ಓಣಿಯ ಬಾಯಲ್ಲಿ ನಿಂತು ಮಗಳು ಬಸ್ಸಿಂದ ಇಳಿಯುವುದನ್ನು ನೋಡಿದಳು.

ಡಿಸೆಂಬರ್ ೧೦, ಬುಧವಾರ

ಸಾವಂತ್ರಿ ಜೇಬು ನೋಡಿದಳು.

“ದುಡ್ಡ ಎಲ್ಲಿ ಹೋತು?”

“ಇಸ್ಪೀಟ ಆಡಿದೆ. ಮುನ್ನೂರು ಹೋತು.”

“ಈ ವಯಸ್ಸಿನ್ಯಾಗ!”

ಇಸ್ಪೀಟು ಅಂದರೆ ಎರಡು ದಿನದ ಬೈಗುಳ, ಮುಗಿಯಿತು. ದುಡ್ಡು ಕೊಟ್ಟು ಬಸ್ಸಿಗೆ ಜನ ಹತ್ತಿಸುತ್ತಿದ್ದೇನೆ ಅಂದರೆ ಊರು ಸಾಯುವ ತನಕ ನಗುತ್ತದೆ. ದನಿಗೆ ಜನ ಬಂದರು ಅಂತ ಓಣಿ ತುಂಬ ಹೇಳಿಬಿಟ್ಟಿದ್ದೇನೆ.

ಡಿಸೆಂಬರ್ ೧೨, ಶುಕ್ರವಾರ

ಬಸ್ಸಿನಲ್ಲಿ ಚೆಕಿಂಗ್. ಟ್ರಯಲ್ ಬಸ್ಸಿನ ಪ್ಯಾಸೆಂಜರು ಯಾರು ಅಂತ ನೋಡಲು ಬಂದಿದ್ದರು. ಹಾಲೇಶನನ್ನು ಕೇಳಿದರು, ಶಿಗ್ಗಾಂವಿಯಲ್ಲಿ ಏನು ಕೆಲಸ?

“ಹಲ್ಲ ಬ್ಯಾನಿರಿ. ದವಾಖಾನಿಗೆ.”

ಪಕ್ಕದವನೂ ಹಲ್ಲು. ಹಿಂದಿನವನೂ ಹಲ್ಲು. ಕೊನೆಗೆ ಲಕ್ಷ್ಮಪ್ಪ, ಅವನೂ ಹಲ್ಲು ಅಂದ.

“ಅಜ್ಜಾರ, ಬಾಯಿ ತಗೀರಿ.”

ತೆಗೆದ. ಒಂದೂ ಇಲ್ಲ.

“ಎಲ್ಲಿ ಅದಾವ್ರಿ ಹಲ್ಲು?”

“ಅದ್ಕ ಬಂದಿದ್ನ್ರಿ, ಹುಡಕಾಕ.”

ಚೆಕಿಂಗಿನವರೂ ನಕ್ಕರು. ಸಂಘಮಿತ್ರಾ ನಗಲಿಲ್ಲ. ಕಿಟಕಿ ಪಕ್ಕದಿಂದ ನನ್ನನ್ನೇ ನೋಡುತ್ತಿದ್ದಳು.

ಡಿಸೆಂಬರ್ ೧೫, ಸೋಮವಾರ

ಗುಟ್ಟು ಬಯಲಾಯಿತು. ಬಸ್ ಸ್ಟ್ಯಾಂಡಿನಲ್ಲಿ ಹಾಲೇಶ ಅವಳ ಮುಂದೆಯೇ ಬಾಯಿ ಬಿಟ್ಟ. “ಗುಡ್ಡ್ಯಾ, ಇವತ್ತ ಭಜಿ ಆರಿದ್ವಲೇ. ನಾಳೆ ಹಿಂಗ ಕೊಟ್ಟರ ನಾ ಬರಂಗಿಲ್ಲ ನೋಡ ನಿನ್ನ ಬಸ್ಸಿಗೆ.”

ಅವಳು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ಎಲ್ಲ ಹೇಳಿದೆ — ಟ್ರಯಲ್ಲು, ಲೋಡು. ಬೈಯುತ್ತಾಳೆ ಅಂದುಕೊಂಡಿದ್ದೆ.

“ಮಾಮಾ, ಆರೂ ಕಾಲಕ್ಕ ಬಸ್ ಐತಿ ಅಂತ ಯಾರ್ಯಾರಿಗೆ ಹೇಳೀದಿ?”

“ಇಡೀ ಮೈದಾನ ಕೇಳೇತಿ.”

“ಅದು ಶಿಗ್ಗಾಂವಿ ಮಂದಿ. ಅವರೇನ ಈ ಬಸ್ ಹತ್ತತಾರೇನು? ದುಂಡಸ್ಯಾಗ ಕೂಗೀದಿ? ದಾರಿ ಊರಾಗ? ಸಂತ್ಯಾಗ?”

ಕೂಗಿರಲಿಲ್ಲ. ಮೂವತ್ತು ವರ್ಷ ಮೈಕು ಹಿಡಿದು ಕೊಟ್ಟವರ ಹೆಸರು ಕೂಗಿದ್ದೇನೆ. ಕೂಗಿ, ಚಪ್ಪಾಳೆ ಬಿತ್ತೆಂದರೆ ಕೆಲಸ ಮುಗಿಯಿತು. ಕೊಟ್ಟದ್ದು ಯಾರಿಗೆ ಬೇಕಾಗಿದೆಯೋ ಅವರಿಗೆ ಹೋಗಿ ಹೇಳಬೇಕು ಅನ್ನುವುದು — ನಿಜ ಹೇಳುತ್ತೇನೆ — ತಲೆಗೇ ಬಂದಿರಲಿಲ್ಲ.

“ನಾಳಿಂದ ಅವರನ್ನೆಲ್ಲ ಕರಕೊಂಡ ಬರಬ್ಯಾಡ,” ಅಂದಳು. “ಹಾರ್ನ್ ಕಟ್ಟು.”

ಡಿಸೆಂಬರ್ ೧೬, ಮಂಗಳವಾರ

ಟಂಟಂ ಆಟೋ ಮೇಲೆ ಹಾರ್ನ್ ಕಟ್ಟಿ ಬೆಳಗಿನಿಂದ ತಿರುಗಿದೆವು. ಹುಡುಗಿಯರು ಹಾಡುವುದು, ನಾನು ಕೂಗುವುದು. ಸಂಘಮಿತ್ರಾಳ ಕರಾರು: “ಯಾರ ಹೆಸರೂ ಬ್ಯಾಡ. ಯಾರೂ ಕೊಟ್ಟಿಲ್ಲ. ನಮ್ಮ ಬಸ್, ಹೊತ್ತು, ನಿಲ್ಲೂ ಜಾಗ. ಅಷ್ಟ.”

ಹೆಸರಿಲ್ಲದೆ ಕೂಗುವುದು ಉಪ್ಪಿಲ್ಲದ ಅಡಿಗೆಯಂತೆ. ಎರಡು ಊರು ತಡೆದುಕೊಂಡೆ. ಮೂರನೆಯದರಲ್ಲಿ ‘ಧ್ವನಿವರ್ಧಕ ಸೇವೆ, ಗುಡ್ಡಪ್ಪ’ ಅಂತ ಸೇರಿಸಿದೆ. ಅವಳು ಮೈಕಿನ ವೈರು ಎಳೆದಳು.

ಶಿಗ್ಗಾಂವಿ ಮಾರ್ಕೆಟ್ಟಿನಲ್ಲಿ ದುಂಡಸಿಯ ಮಂಜುಳಾ, ಸೊಪ್ಪು ಮಾರುವವಳು, ಬುಟ್ಟಿ ಬಿಟ್ಟು ಎದ್ದು ಬಂದಳು.

“ಐದ ವರ್ಷಾತ್ರಿ, ಟಂಟಂನ್ಯಾಗ ಜೋತಾಡಕೋತ ಊರಿಗೆ ಹೊಂಟೇನಿ. ಹದಿನೈದ ದಿನದಿಂದ ಬಸ್ ಐತಂತ, ಒಬ್ಬರರ ಬಾಯಿ ಬಿಡಬಾರದೇನ್ರಿ? ಇಷ್ಟ ದೊಡ್ಡ ಭೋಂಗಾ ಇಟಗೊಂಡು ಏನ್ ಮಾಡಾಕತ್ತಿದ್ರಿ?”

ಹುಡುಗಿಯರು ನನ್ನ ಕಡೆ ನೋಡಿದರು. ನಾನು ಹಾರ್ನಿನ ಹಗ್ಗ ಬಿಗಿ ಮಾಡಿದೆ.

ಡಿಸೆಂಬರ್ ೧೭, ಬುಧವಾರ

ಟ್ರಯಲ್ಲಿನ ಕೊನೆಯ ದಿನ. ಸೀಟು ತುಂಬಿ, ಜನ ನಿಂತಿದ್ದರು. ಸೊಪ್ಪಿನವರು, ಮನೆ ಕಟ್ಟುವ ಗೌಂಡಿಗಳು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು, ಬುಟ್ಟಿ, ಚೀಲ, ಒಂದು ಕೋಳಿ. ನನಗೆ ಸೀಟು ಸಿಗಲಿಲ್ಲ. ಹಾಲೇಶ ಅಭ್ಯಾಸಬಲದಿಂದ ಬಂದಿದ್ದ. ಟಿಕೆಟು ತಾನೇ ತೆಗೆದ, ಮುಖ ಹುಳ್ಳಗೆ ಮಾಡಿಕೊಂಡು.

ಕಂಡಕ್ಟರು ಎಣಿಸುವುದನ್ನು ನಡುವೆ ಬಿಟ್ಟ. ಡಿಪೋದ ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿದ. “ಸರ್, ದೊಡ್ಡ ಗಾಡಿ ಬೇಕಾಕೈತ್ರಿ.”

ಡಿಸೆಂಬರ್ ೧೯, ಶುಕ್ರವಾರ

ಬಸ್ಸು ಖಾಯಂ. ಬೋರ್ಡಿನ ಮೇಲೆ ಬರೆದಿದ್ದಾರೆ. ನೋಡಿ ಬಂದೆ.

ಅಕ್ಕ ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತಲೇ ಮಗಳನ್ನು ಕೇಳಿದಳು. “ಮುಂದಿನ ಸೆಮ್ ಫೀ ಯಾವಾಗ ಕಟ್ಟೂದು?”

ಅಷ್ಟೇ. ಸಂಘಮಿತ್ರಾ ತಾರೀಖು ಹೇಳಿದಳು. ನಾನು ಹೊಲದ ಕಡೆ ನೋಡಿದೆ. ಕಣ್ಣಿಗೆ ಧೂಳು. ಅಕ್ಕ ಜೋರು ಗುಡಿಸುತ್ತಾಳೆ.

ಡಿಸೆಂಬರ್ ೨೧, ರವಿವಾರ

ಸಾವಂತ್ರಿ ಅಕ್ಕನಿಗೆ ದೂರು ಕೊಟ್ಟಿದ್ದಳು. ಇಬ್ಬರೂ ಸೇರಿ ನನ್ನನ್ನು ಕೂರಿಸಿದರು. ಇಸ್ಪೀಟು ಬಿಟ್ಟೆ ಅಂತ ಆಣೆ ಮಾಡಬೇಕಂತೆ. ಸಂಘಮಿತ್ರಾ ಬಾಯಿ ತೆರೆದಳು — ಕಣ್ಣಲ್ಲೇ ಬ್ಯಾಡ ಅಂದೆ. ಆಣೆ ಮಾಡಿದೆ. ಈಗ ಅದನ್ನೂ ಆಡುವಂತಿಲ್ಲ. ಆಡಿದ್ದರೆ ಗೆಲ್ಲುತ್ತಿದ್ದೆ, ಈ ತಾಲೂಕಿನಲ್ಲಿ ನನ್ನನ್ನು ಗೆದ್ದವರಿಲ್ಲ.

“ಒಟ್ಟ ಎಷ್ಟ ಕಳದ್ರಿ? ಖರೇ ಹೇಳ್ರಿ,” ಅಂದಳು ಸಾವಂತ್ರಿ.

“ಮುನ್ನೂರು. ಹೆಚ್ಚಂದ್ರ ನಾನೂರು.”

ಆಂಪ್ಲಿಫೈಯರು ಇನ್ನೊಂದು ವರ್ಷ ಗೊರಗೊರ ಅನ್ನಲಿ. ಈ ಪುಸ್ತಕದಲ್ಲೂ ದಿನದ ಖರ್ಚು ನೂರು, ನೂರೈವತ್ತು ಅಂತ ಸುಳ್ಳು ಬರೆದೆ. ಸಾವಂತ್ರಿ ಇದನ್ನು ಇನ್ನೂ ಮುಟ್ಟಿಲ್ಲ, ಆದರೂ ಬರೆದೆ. ಟಿಕೆಟು ಹೋಗುವಾಗಿನದು, ಬರುವಾಗಿನದು, ಹತ್ತು ಮಂದಿ, ಭಜಿ, ಚಹಾ, ಹಾಲೇಶನಿಗೆ ಎರಡನೇ ಪ್ಲೇಟು... ಹನ್ನೊಂದು ದಿನಕ್ಕೆ ಒಟ್ಟು ಒಂಬತ್ತು ಸಾವಿರದ ಆರುನೂರ ಎಂಬತ್ತು ರೂಪಾಯಿ.