ಬ್ಲಡ್ ಬ್ಯಾಂಕಿನ ಫೋನಿನ ವಿಷಯ

ಯಶ್ಮಿತಾ,

ನೀನು ಏಳುವ ಮೊದಲೇ ಹೊರಟಿದ್ದೇನೆ. ನೀರುದೋಸೆ ಮುಚ್ಚಿಟ್ಟಿದ್ದೇನೆ, ನಿನ್ನೆಯ ಸಿಟ್ಟು ಬಿಟ್ಟು ತಿನ್ನು. ನಿನ್ನ ತಟ್ಟೆ, ಲೋಟ ಬೇರೆ ಇಟ್ಟದ್ದು ನನ್ನ ತಪ್ಪು. ಎಲ್ಲರದರೊಟ್ಟಿಗೇ ವಾಪಸು ಇಟ್ಟಿದ್ದೇನೆ.

ಕಾಲೇಜಿನ ಕ್ಯಾಂಪಿನಲ್ಲಿ ಕೊಟ್ಟ ರಕ್ತದಲ್ಲಿ ಹೆಪಟೈಟಿಸ್ ಬಿ ಕಂಡಿದೆಯಂತೆ ಎಂದು ನೀನು ಅಳುತ್ತಾ ಹೇಳಿದಾಗ, ನಾನು ಕೇಳಿದ್ದು "ಯಾರೊಟ್ಟಿಗೆ ತಿರುಗಿದ್ದೀ?" ಎಂದು. ನೀನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ನಾನೇ ಬ್ಲಡ್ ಬ್ಯಾಂಕಿನ ಡಾಕ್ಟರಮ್ಮನಿಗೆ ಫೋನು ಮಾಡಿದೆ.

"ಮಗಳನ್ನು ಬೈಯಬೇಡಿ. ತಟ್ಟೆ, ಲೋಟದಿಂದ ಇದು ಹರಡುವುದಿಲ್ಲ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಬರುವುದೂ ಉಂಟು. ನಿಮ್ಮದು ಪರೀಕ್ಷೆ ಆಗಿದೆಯಾ?" ಎಂದು ಕೇಳಿದರು.

ನನ್ನ ರಕ್ತದಲ್ಲಿ ಇದನ್ನು ಯಾರೂ ಯಾವತ್ತೂ ನೋಡಿಲ್ಲ. ಅದಕ್ಕೇ ಈಗ ಪರೀಕ್ಷೆ ಮಾಡಿಸಲು ಕಾಸರಗೋಡಿಗೆ ಹೋಗುತ್ತಿದ್ದೇನೆ. ಅಪ್ಪನೂ ಪರೀಕ್ಷೆ ಮಾಡಿಸಬೇಕಂತೆ. ಅವರಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಹೇಗೆ ಹೇಳುವುದೆಂದು ಇನ್ನೂ ಗೊತ್ತಾಗುತ್ತಿಲ್ಲ.

ನನಗೂ ಉಂಟು ಎಂದು ಬಂದರೆ, ನಿನಗೆ ನನ್ನಿಂದಲೇ ಬಂದಿರಬೇಕು. ಆಗ, ನಾನು ನಿನ್ನನ್ನು ಕೇಳಿದ ಹಾಗೆ ನೀನು ನನ್ನನ್ನು ಕೇಳಬೇಡ ಮಗಾ.

ಅಮ್ಮ