ಏಳೂವರೆಯ ಮರೆವು

ಮೇಕಪ್ ಕೋಣೆ, ಮೂರನೇ ಮಹಡಿ
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅಜ್ಜೀ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೆಂದು ಚಿಕ್ಕಜ್ಜಿ ಹೇಳಿದಳು. ಹನಿ ಔಷಧಿಯನ್ನು ದಿನಕ್ಕೆ ನಾಲ್ಕು ಸಲ ಹಾಕಿಸಿಕೋ. ಟೀವಿ ಮುಂದೆ ಕೂತು ನಿನ್ನದೇ ಧಾರಾವಾಹಿಯಲ್ಲಿ ತಪ್ಪು ಹುಡುಕಬೇಡ. ಅಕ್ಷರ ದಪ್ಪಗೆ ಬರೆದಿದ್ದೇನೆ, ನಿಲ್ಲಿಸಿ ನಿಲ್ಲಿಸಿ ಓದು. ಫೋನ್ ಮಾಡಬಹುದಿತ್ತು; ಆದರೆ ನೀನು ನಡುವೆ ಬಾಯಿ ಹಾಕಿ ನಗಿಸಿಬಿಡುತ್ತೀಯ. ಇದು ನಗುವ ವಿಷಯ ಅಲ್ಲ. ನಿನ್ನ ಪಾತ್ರ ಕೈತಪ್ಪುವ ಹಾಗಿದೆ, ಅದಕ್ಕೆ ಕಾರಣ ನಾನು.

ಎಂಟು ತಿಂಗಳ ಹಿಂದೆ ನೀನೇ ಹೇಳಿ ನನಗೆ ಈ ಪ್ರಾಂಪ್ಟರ್ ಕೆಲಸ ಕೊಡಿಸಿದೆ. ಕ್ಯಾಮೆರಾ ಪಕ್ಕ ಕೂತು ನಟರಿಗೆ ಅವರ ಮಾತನ್ನು ಮುಂಚಿತವಾಗಿ ಓದಿಕೊಡುವ ಕೆಲಸ. "ಬಡಿಸಿದ ಹಾಗಿರ್ಬೇಕು ಕಣೇ, ತಟ್ಟೆ ಖಾಲಿ ಆಗೋ ತನಕ ಕಾಯಬಾರದು" ಎಂದು ಕಲಿಸಿದವಳೂ ನೀನೇ. ನಿನಗೆ ಮಾತ್ರ ಯಾರೂ ಬಡಿಸಬೇಕಿರಲಿಲ್ಲ. ಬೆಳಗ್ಗೆ ಹಾಳೆಯನ್ನು ಎರಡು ಸಲ ನೋಡಿದರೆ ಮುಗಿಯಿತು. ಅಂಥವಳು ಸಂಜೆ ಏಳೂವರೆಯಾಗುತ್ತಲೇ ತಡವರಿಸುತ್ತಿದ್ದೆ. ನಾನು ಎಷ್ಟು ಗಟ್ಟಿಯಾಗಿ ಓದಿದರೂ ಕಿವಿಗೆ ಬೀಳದವಳಂತೆ ನಿಂತಿರುತ್ತಿದ್ದೆ. ಐದು ಟೇಕ್, ಆರು ಟೇಕ್, ನಿರ್ದೇಶಕರ ನಿಟ್ಟುಸಿರು, ಆ ದಿನಕ್ಕೆ ಪ್ಯಾಕಪ್.

ನನಗೆ ಸಿಟ್ಟು ಬರುತ್ತಿತ್ತು ಅಜ್ಜಿ. ಅರವತ್ತೇಳು ವರ್ಷದವಳನ್ನು ಬೆಳಗ್ಗೆ ಏಳರಿಂದ ಹನ್ನೆರಡೂವರೆ ಗಂಟೆ ನಿಲ್ಲಿಸಿದರೆ ಇನ್ನೇನಾಗುತ್ತದೆ? ದುಡಿಮೆಯ ಗಂಟೆ ಇಳಿಸಬೇಕೆಂದು ಹೋರಾಡಿ ಜೈಲಿಗೆ ಹೋದವರ ಕರಪತ್ರಗಳನ್ನು ಚೀಲದಲ್ಲಿ ಹೊತ್ತು ತಿರುಗುವವಳು ಬಾಯಿಗೆ ಬೀಗ ಹಾಕಿಕೊಂಡಿರಲೇ? ನಿನಗೆ ಹೇಳಿದರೆ, "ನಿನ್ನ ಕ್ರಾಂತಿ ಊಟ ಆದ್ಮೇಲೆ ಮಾಡ್ಕೋ, ಈಗ ಡೈಲಾಗ್ ಓದು" ಎನ್ನುತ್ತಿದ್ದೆ. ಹಾಗಾಗಿ ನೀನು ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ ಮರುದಿನವೇ ಮ್ಯಾನೇಜರಿಗೆ ನಾಲ್ಕು ಪುಟದ ಅರ್ಜಿ ಕೊಟ್ಟೆ. ಹಿರಿಯ ಕಲಾವಿದರನ್ನು ಸಂಜೆ ಆರಕ್ಕೆ ಬಿಡಬೇಕು ಎಂದು ಬರೆದೆ. ಸಾಕ್ಷಿ ಬೇಕಲ್ಲ? ನೀನು ಮಾತು ಮರೆತ ಹನ್ನೊಂದು ಸಂಜೆಗಳನ್ನು ತಾರೀಖು, ಸಮಯ, ಟೇಕುಗಳ ಲೆಕ್ಕದ ಸಮೇತ ಪಟ್ಟಿ ಮಾಡಿ ಲಗತ್ತಿಸಿದೆ.

ಮ್ಯಾನೇಜರ್ ಮೂರು ಪುಟ ಬಿಟ್ಟು ನಾಲ್ಕನೆಯದನ್ನಷ್ಟೇ ಓದಿದರು. ಸೋಮವಾರ ತೀರ್ಮಾನವಾಯಿತು: ಕಥೆಯಲ್ಲಿ ನಿನ್ನ ಪಾತ್ರ ಹಿರಿಯಮ್ಮ ಮಗಳ ಮನೆಗೆ ಹೋಗುತ್ತಾಳೆ, ಹದಿನೈದು ಕಂತು ಬಿಟ್ಟು ಬೇರೆ ನಟಿಯ ಮುಖ ಹೊತ್ತು ವಾಪಸು ಬರುತ್ತಾಳೆ.

ಅಳುತ್ತಾ ಕೂತಿದ್ದಾಗ ಮೇಕಪ್ ಮಾಮ ಬಂದರು. ಮೂವತ್ತು ವರ್ಷದಿಂದ ನಿನಗೆ ಬಣ್ಣ ಹಚ್ಚುತ್ತಿರುವ ಮನುಷ್ಯ. ಪಟ್ಟಿ ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಗಿತ್ತಿ, ನಿಮ್ಮಜ್ಜಿಗೆ ಮರೆವಾ? ನಾನು ಮದುವೆಗೆ ಮುಂಚೆ ಇಸ್ಕೊಂಡ ಛತ್ರೀನ ಇನ್ನೂ ವಾಪಸ್ ಕೇಳ್ತಾರೆ! ಲೈಟಿನವರಿಗೆ ಎಂಟಕ್ಕೆ ಕೊನೇ ಬಸ್ಸು. ಇವರು ಮರೆತರೆ ತಾನೆ ಅವರು ಮನೆ ಸೇರೋದು?"

ಆಮೇಲೆ ಉಳಿದದ್ದನ್ನೂ ಹೇಳಿದರು, ನೀನು ಎಂದೂ ಹೇಳದ್ದನ್ನು. ನೀನು ನಾಯಕಿಯಾಗಿದ್ದ ಮೂರನೇ ಚಿತ್ರದಲ್ಲಿ, ಒಂದು ದಿನದ ಶೂಟಿಂಗಿನ ಹದಿನಾಲ್ಕನೇ ಗಂಟೆಯಲ್ಲಿ, ಮೇಲಿನ ಹಲಗೆಯಲ್ಲಿ ದೀಪ ತಿರುಗಿಸುತ್ತಿದ್ದವನು ತೂಕಡಿಸಿ ಬಿದ್ದು ಬೆನ್ನು ಮುರಿದುಕೊಂಡನಂತೆ. ನಿರ್ಮಾಪಕರ ಎದುರು ನಿಂತು ನ್ಯಾಯ ಕೇಳಿದವಳು ನೀನೊಬ್ಬಳೇ. ಜಗಳಗಂಟಿ ಎಂಬ ಹೆಸರು ಬಂತು, ಒಪ್ಪಿದ್ದ ಚಿತ್ರಗಳು ಹೋದವು. ಮೂವತ್ತೊಂದಕ್ಕೆ ತಲೆಗೆ ಬಿಳಿ ಬಳಿದುಕೊಂಡು ತಾಯಿಯಾದೆ, ಮಗನ ಪಾತ್ರದವನು ನಿನಗಿಂತ ನಾಲ್ಕು ವರ್ಷ ದೊಡ್ಡವನು. ಮುಂದೆ ಅತ್ತೆ, ಟೀವಿ ಬಂದ ಮೇಲೆ ಅಜ್ಜಿ. ನಾನು ಚಿಕ್ಕಂದಿನಿಂದ ನೋಡಿದ್ದು ಬರೀ ನಿನ್ನ ಮುದಿತನವನ್ನೇ. ಅದು ನಿನಗೆ ಬಿದ್ದ ದಂಡವೆಂದು ಗೊತ್ತಿರಲಿಲ್ಲ. ಜಗಳವಾಡಿದರೆ ನಿನ್ನ ಕೆಲಸ ಹೋಗುತ್ತದೆ, ಮರೆತರೆ ಎಲ್ಲರ ಕೆಲಸ ನಿಲ್ಲುತ್ತದೆ ಎಂದು ಅಂದೇ ಕಂಡುಕೊಂಡೆಯಂತೆ.

ನಿಜವನ್ನು ಈಗಲೇ ಹೋಗಿ ಹೇಳಿಬಿಡುತ್ತೇನೆ ಎಂದು ಎದ್ದೆ. ಮಾಮ ತೋಳು ಹಿಡಿದು ಕೂರಿಸಿದರು. "ಮರೆತರೆ ಮುದುಕಿ ಅಂತಾರೆ, ಬೇಕಂತ ಮರೆತರೆ ಮೋಸಗಾತಿ ಅಂತಾರೆ. ಯಾವುದು ಬೇಕಮ್ಮ ನಿಮ್ಮಜ್ಜಿಗೆ?" ಕರಪತ್ರಗಳಲ್ಲಿ ಇದಕ್ಕೆ ಉತ್ತರವಿಲ್ಲ, ಹುಡುಕಿದೆ.

ನನ್ನ ಮೇಲೆ ಕೋಪ ಬಂದರೆ ಬೈದು ಬರೆ. ಆದರೂ ಹೇಳುತ್ತೇನೆ, ನಿನ್ನ ಉಪಾಯದಿಂದ ಒಂದು ಸಂಜೆ ಉಳಿಯುತ್ತದೆ, ನಿಯಮ ಬದಲಾಗುವುದಿಲ್ಲ. ಹೊಸ ಅರ್ಜಿ ಬರೆದಿದ್ದೇನೆ. ಅದರಲ್ಲಿ ನಿನ್ನ ಸುದ್ದಿಯೇ ಇಲ್ಲ, ಬಸ್ಸು ತಪ್ಪಿಸಿಕೊಳ್ಳುವವರೇ ಬರೆಸಿದ್ದು. ಇಪ್ಪತ್ತಮೂರು ಸಹಿ ಆಗಿದೆ. ಚಿಕ್ಕಜ್ಜಿಗೆ ನಮಸ್ಕಾರ. ಅಮ್ಮ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ. ಕಣ್ಣು ಉಜ್ಜಬೇಡ.

ನಿನ್ನ ಕಾಲಿಗೆ ಬಿದ್ದಿರುವ,
ಮೆಣಸಿನಕಾಯಿ

ತಾ.ಕ.: ಕಾಗದ ಅಂಟಿಸುವ ಮುಂಚೆ ಮ್ಯಾನೇಜರನ್ನು ನೋಡಿ ಬಂದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಹನ್ನೊಂದು ಸಂಜೆಯೂ ನಾನೇ ಸಾಲು ತಪ್ಪಾಗಿ ಓದಿಕೊಟ್ಟೆ, ತಪ್ಪು ಮುಚ್ಚಲು ಅಜ್ಜಿಯ ಮೇಲೆ ಹಾಕಿದೆ ಎಂದು ಹೇಳಿದೆ. "ಅಂದ್ಕೊಂಡೆ, ಕರಪತ್ರ ಓದೋರಿಗೆ ಸ್ಕ್ರಿಪ್ಟ್ ಎಲ್ಲಿ ಓದೋಕೆ ಬರುತ್ತೆ" ಎಂದರು. ಇವತ್ತಿಗೆ ನನ್ನ ಕೆಲಸ ಮುಗಿಯಿತು. ನಿನ್ನ ಪಾತ್ರ ನಿನಗೇ ಉಳಿಯಿತು, ಸೋಮವಾರ ಬೆಳಗ್ಗೆ ಏಳಕ್ಕೆ ಶೂಟಿಂಗಿಗೆ ಬರಬೇಕಂತೆ. ಬಂದು, ನಾನು ಅಲ್ಲಿರದಿದ್ದರೂ, ನನ್ನನ್ನು ಚೆನ್ನಾಗಿ ಬೈದುಬಿಡು, ಎಲ್ಲರಿಗೂ ಕೇಳುವ ಹಾಗೆ. ನಿಜ ಹೇಳಿ ಕೆಡಿಸಬೇಡ. ನಾನು ಜೀವನದಲ್ಲಿ ಹೇಳಿದ ಮೊದಲ ಸುಳ್ಳು ಅಜ್ಜಿ, ಒಂದೇ ಟೇಕಿಗೆ ಓಕೆ ಆಯಿತು.