ನನ್ನ ರಕ್ತಕ್ಕೆ ಗೊತ್ತಿರುವವರು

ಮಾರ್ಚ್ 3, ಮಂಗಳವಾರ

ಇವತ್ತಿನ ಡಯಾಲಿಸಿಸ್‌ನಲ್ಲಿ 2.3 ಲೀಟರ್ ನೀರು ತೆಗೆದರು. ಕೊನೆಯ ಅರ್ಧ ಗಂಟೆ ಮೀನಖಂಡ ಹಿಡಿದುಕೊಂಡಿತು. ಇವರು ಪಕ್ಕದ ಸ್ಟೂಲಿನಲ್ಲಿ, ತೋಳಿಗೆ ಹತ್ತಿ ಅಂಟಿಸಿಕೊಂಡು — ಬೆಳಿಗ್ಗೆ ಕ್ರಾಸ್‌ಮ್ಯಾಚ್‌ಗೆ, ಅವರ ಕಿಡ್ನಿ ನನಗೆ ಒಗ್ಗುತ್ತದೆಯೇ ನೋಡಲು, ರಕ್ತ ಕೊಟ್ಟು ಬಂದಿದ್ದರು. "ನನ್ನ ಕಿಡ್ನಿ ಒಳಗೆ ಬರ್ಲಿ, ನೀನೂ ಗೊರಕೆ ಹೊಡೀತೀಯ ನೋಡು." ನರ್ಸ್‌ಗೂ ನಗು.

ಫಾರಂ ತುಂಬುವಾಗ ಅವಳು ಕೇಳಿದಳು, ಎಷ್ಟು ಸಲ ಗರ್ಭಿಣಿಯಾಗಿದ್ದಿರಿ ಎಂದು. "ಒಂದು" ಎಂದರು ಇವರು. ನಾನು "ಮೂರು" ಎಂದೆ. ಉಳಿಯದೆ ಹೋದ ಎರಡನ್ನು ಎಣಿಸುವುದನ್ನು ನಾವು ಎಂದೋ ಬಿಟ್ಟಿದ್ದೆವು.

ಮಾರ್ಚ್ 9, ಸೋಮವಾರ

ಪಾಸಿಟಿವ್. ಅಂದರೆ ಆಗುವುದಿಲ್ಲ. ನನ್ನ ರಕ್ತದ ಜೊತೆ ಬೆರೆಸಿದ ಇವರ ಬಿಳಿ ಕಣಗಳು ಸತ್ತವಂತೆ.

ಡಾಕ್ಟರ್ ರಿಪೋರ್ಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಚಿಕ್ಕಂದಿನಲ್ಲೇ ಎದೆಮೂಳೆಯ ಹಿಂದಿನ ಗ್ರಂಥಿಯೊಂದು ಕಾವಲಿನ ಕಣಗಳಿಗೆ ಪರೀಕ್ಷೆ ಇಡುತ್ತದೆ. ನಮ್ಮದೇ ಮೈಮೇಲೆ ಏರಿಹೋಗುವಂಥವನ್ನು ಬಹುಪಾಲು ಅಲ್ಲೇ ಮುಗಿಸುತ್ತದೆ. ಪಾಸಾದವು ಹೊರಗಿನದ್ದನ್ನು ಹುಡುಕಿ ಹೊಡೆಯುತ್ತವೆ. "ಮಗುವಿನಲ್ಲಿ ಅರ್ಧ ಅಪ್ಪನದು. ಅದರ ಕಣ ನಿಮ್ಮ ರಕ್ತಕ್ಕೆ ಸೇರಿದಾಗ ನಿಮ್ಮ ದೇಹ ಗುರುತು ಇಟ್ಕೊಂಡಿದೆಮ್ಮಾ. ಅದು ಮರೆಯಲ್ಲ."

ಯಾವ ಬಸಿರಿನಲ್ಲಿ? ಕೇಳಿದೆ. ಹೇಳಲಾಗದಂತೆ.

ಬಸ್ಸಿನಲ್ಲಿ ಇವರು: "ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ರೂ ಹೊರಗಿನವನೇ ನಾನು!" ತಾವೇ ನಕ್ಕರು. ಆಮೇಲೆ ಇಳಿಯುವ ತನಕ ಕಿಟಕಿಯ ಕಡೆಗೇ ಮುಖ. ನಾನಾದರೂ ನಗಬಹುದಿತ್ತು.

ಏಪ್ರಿಲ್ 21

ರಕ್ತದ ಪ್ಲಾಸ್ಮಾ ಬದಲಿಸಿ, ಇವರ ಕಣಗಳನ್ನು ಕೊಲ್ಲುವ ಪ್ರತಿಕಾಯಗಳನ್ನು ತೆಗೆಯಲು ನೋಡಿದರು. ಐದು ಸಲ. ಇಳಿದವು. ಹತ್ತು ದಿನದಲ್ಲಿ ಮೊದಲಿಗಿಂತ ಹೆಚ್ಚು... ನನ್ನ ಮೈ ಇಷ್ಟು ಹಟಮಾರಿ ಎಂದು ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತೇ?

ಅಣ್ಣನಿಗೆ ಸಕ್ಕರೆ ಕಾಯಿಲೆ, ಅವನದು ಬೇಡವೆಂದರು. ಬೇರೆಯವರ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ನೂರು ಕಿಡ್ನಿ ಬಂದರೂ ತೊಂಬತ್ತಾರನ್ನು ನನ್ನ ರಕ್ತ ಬಾಗಿಲಲ್ಲೇ ತಡೆಯುತ್ತದೆ.

ಮೇ 14

ಮಗಳು ನಮಗೆ ಹೇಳದೆ ಹೋಗಿ ಕ್ರಾಸ್‌ಮ್ಯಾಚ್‌ಗೆ ರಕ್ತ ಕೊಟ್ಟಿದ್ದಾಳೆ. ಹತ್ತೊಂಬತ್ತು ವರ್ಷ, ಯಾರ ಅಪ್ಪಣೆಯೂ ಬೇಕಿಲ್ಲ. ನನ್ನ ರಕ್ತ ಲ್ಯಾಬಿನಲ್ಲಿ ಇತ್ತಲ್ಲ. ಪಾಸಿಟಿವ್. ಇವರದಕ್ಕಿಂತ ಜೋರು.

ಕಾಗದ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಳು. "ಒಂಬತ್ತು ತಿಂಗಳು ಒಳಗೇ ಇದ್ನಲ್ಲಮ್ಮಾ. ಆಗ ಸುಮ್ನಿತ್ತಲ್ಲ?"

"ಆಗ ಬಿಟ್ಟಿತ್ತು ಕಣೇ."

"ಈಗೇನಂತೆ ಅದಕ್ಕೆ ರೋಗ?"

ಅಪ್ಪಿಕೊಂಡೆ. ಕೈಗಳು ಮಾತ್ರ ನನ್ನ ಮಾತು ಕೇಳುತ್ತವೆ.

ಜುಲೈ 30

ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ಜೋಡಿಸಿದ್ದ ನಾಳ, ಫಿಸ್ಟುಲಾ, ಮುಚ್ಚಿಹೋಗಿದೆ. ಈಗ ಡಯಾಲಿಸಿಸ್ ಕುತ್ತಿಗೆಯ ಕೊಳವೆಯಿಂದ. ಇದು ಎರಡನೆಯದು, ಮೊದಲನೆಯದಕ್ಕೆ ಸೋಂಕು ತಗುಲಿತು. ಅದನ್ನು ಮಾತ್ರ ನನ್ನ ಕಾವಲಿನವರು ಒಳಗೆ ಬಿಟ್ಟುಕೊಂಡರು. ಇದೂ ಹೋದರೆ ಮುಂದೆ ಎಲ್ಲಿ ಎಂದು ಡಾಕ್ಟರ್ ಹೇಳಲಿಲ್ಲ.

ಆಗಸ್ಟ್ 6, ಮಧ್ಯಾಹ್ನ

ಮಗಳದು ಮತ್ತೆ ಹಟ. "ಇನ್ನೊಂದ್ಸಲ ಟೆಸ್ಟ್ ಮಾಡ್ಸೋಣ. ಈಗ ನಿನ್ನ ಮೈಗೆ ಸುಸ್ತಾಗಿರುತ್ತೆ, ನನ್ನ ಗುರುತು ಹಿಡಿಯೋಕೂ ಆಗಲ್ಲ." ಎಂಥ ತರ್ಕ! ಇವರು ಪೇಪರಿನ ಹಿಂದಿನಿಂದ, "ಮಾಡ್ಸಿದ್ರಾಯ್ತು ಬಿಡು."

ಏನು ಬರುತ್ತದೆಂದು ಮೂವರಿಗೂ ಗೊತ್ತು. ಸೋಮವಾರ ಎಂದುಬಿಟ್ಟೆ. ತಕ್ಷಣ ಫೋನಿನಲ್ಲಿ ದಿನ ಗುರುತು ಹಾಕಿಕೊಂಡಳು.

ತಪ್ಪು ಮಾಡಿದೆ. ಆ ಕಾಗದ ಇನ್ನೊಮ್ಮೆ ಅವಳ ಕೈಗೆ ಬರಬಾರದು. ಈಗಲೇ ಕರೆದು ಬೇಡ ಎನ್ನಬೇಕು.

ಹೊರಗಿನ ಕೋಣೆಯಲ್ಲಿ ಏನೋ ಹಾಡು ಗುನುಗುತ್ತಿದ್ದಾಳೆ. ಅವಳು ಹಾಡಿದ್ದು ಕೇಳಿ ಎಷ್ಟು ತಿಂಗಳಾಗಿತ್ತು. ಹಾಡು ಮುಗಿಯಲಿ, ಆಮೇಲೆ —